ವೋಟು ಊರಲ್ಲೇ ಇರಲೋ, ಬೆಂಗಳೂರಿಗೆ ತರಲೋ?

ಹೆಸರು ಹಾವೇರಿಯ ಮತದಾರರ ಪಟ್ಟಿಯಲ್ಲಿ, ವಾಸ ಬೆಂಗಳೂರಿನ ಬಾಡಿಗೆ ಮನೆಯಲ್ಲಿ. 2028ಕ್ಕೆ ವಿಧಾನಸಭೆಯ ಅವಧಿ ಮುಗಿಯುತ್ತದೆ; ಅಷ್ಟರೊಳಗೆ ವೋಟು ಎಲ್ಲಿರಬೇಕೆಂದು ನಿರ್ಧರಿಸಿ.

ಊರಲ್ಲೇ ಬಿಟ್ಟರೆ ಅರ್ಜಿಯ ಗೋಜಿಲ್ಲ. ಆದರೆ ಕಾನೂನು ನೋಡುವುದು ಸ್ವಂತ ಮನೆ ಎಲ್ಲಿದೆ ಎಂಬುದನ್ನಲ್ಲ, ಸಾಮಾನ್ಯವಾಗಿ ಎಲ್ಲಿ ವಾಸವಿದ್ದೀರಿ ಎಂಬುದನ್ನು. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೆ ಬಂದಾಗ "ಅವರು ಇಲ್ಲಿಲ್ಲ" ಎಂಬ ಉತ್ತರ ಸಿಕ್ಕರೆ ಹೆಸರು ಹೋಗಬಹುದು. ಕೈಯಲ್ಲಿ ಕಾರ್ಡಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವೋಟಿಲ್ಲ.

ಬೆಂಗಳೂರಿಗೆ ತರುವುದಾದರೆ ನಮೂನೆ 8ರ ಅರ್ಜಿ ಹಾಕಬೇಕು. ಬಹಳ ಮಂದಿ ಎಡವುವುದು ಇಲ್ಲೇ: ಹೊಸ ಸೇರ್ಪಡೆಯ ನಮೂನೆ 6 ತುಂಬಿ, ಹಿಂದೆ ಎಲ್ಲೂ ಹೆಸರಿಲ್ಲ ಎಂದು ಸಹಿ ಹಾಕುತ್ತಾರೆ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲಿದೆ. ನಮೂನೆ 8ರಲ್ಲಿ ಹಳೆಯ ಎಪಿಕ್ (ಮತದಾರರ ಗುರುತಿನ ಚೀಟಿ) ಸಂಖ್ಯೆ ಹಾಕಿ, "ವಾಸಸ್ಥಳ ಬದಲಾವಣೆ" ಆರಿಸಿ, ನೋಂದಾಯಿತ ಬಾಡಿಗೆ ಕರಾರು ಅಥವಾ ಬ್ಯಾಂಕ್ ಪಾಸ್‌ಬುಕ್ ಲಗತ್ತಿಸಿ. ಎಪಿಕ್ ಸಂಖ್ಯೆ ಬದಲಾಗದು. ನಾಮಪತ್ರದ ಕೊನೇ ದಿನ ದಾಟಿದ ಮೇಲೆ ಸೇರ್ಪಡೆಯಿಲ್ಲ. ಪರಿಶೀಲನೆಗೂ ಸಮಯ ಬೇಕು, ತಿಂಗಳುಗಳ ಮೊದಲೇ ಹಾಕಿ.

ಹಾಸ್ಟೆಲ್ ವಿದ್ಯಾರ್ಥಿಗಳಿಗೆ ಮಾತ್ರ ಎರಡರಲ್ಲಿ ಒಂದನ್ನು ಆರಿಸುವ ಅವಕಾಶವಿದೆ. ಅವರು ಊರಲ್ಲೇ ಇಟ್ಟುಕೊಳ್ಳಲಿ. ಸಂಸಾರ ಸಮೇತ ನೆಲೆಸಿದವರಿಗೆ ವರ್ಗಾವಣೆಯೇ ಸರಿ. ಸಂದೇಹವಿದ್ದರೆ ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ.