ಆನೆಗೊಂದಿಯ ಎಂಟಡಿ ಹರಿಗೋಲು: ಹೆಣಿಗೆಗೆ ಪೂರ್ತಿ ಅಂಕ, ಡಾಂಬರಿಗೆ ಅರ್ಧ

ಆನೆಗೊಂದಿ ಕಡೆ ಹೇಳಿ ಹೆಣೆಸಿದ ಬಿದಿರಿನ ಹರಿಗೋಲು ಇದು. ಬಾಯಿ 8 ಅಡಿ, ತಳ ಆರೂವರೆ, ಆಳ 2 ಅಡಿ. ಬಲೆ ಹಾಕುವವರಿಗೆ 6 ಅಡಿಯದೇ ಸಾಕು, ಒಬ್ಬರೇ ಬೆನ್ನ ಮೇಲೆ ಬೋರಲು ಹೊತ್ತು ಹೊಳೆಗಿಳಿಯಬಹುದು. ಇದನ್ನು ಎತ್ತಲು ಇಬ್ಬರು ಬೇಕು.

ದುಡ್ಡು ಹೋಗುವುದು ಹೆಣಿಗೆಗೆ, ಅದು ಇಲ್ಲಿ ಚೊಕ್ಕವಾಗಿದೆ. ಬಲಿತ ಬಿದಿರು. ಎಳೆಯದಾಗಿದ್ದರೆ ಒಳಗಿನ ಹಿಟ್ಟಿನಂಶಕ್ಕೆ ಕುಟ್ಟೆ ಹುಳ ಬಿದ್ದು ವರ್ಷದೊಳಗೆ ಪುಡಿ ಉದುರಿಸುತ್ತದೆ. ಇಂಚಗಲದ ಸೀಳುಗಳು, ಸಿಪ್ಪೆಯ ಮೈ ಹೊರಗೆ. ಮೂರು ದಿಕ್ಕಿಗೆ ಹಾಸಿ ಆರು ಮೂಲೆಯ ಕಣ್ಣು ಬರುವಂತೆ ತಳ ಹೆಣೆದು, ನಡುವೆ ಗುಂಡುಕಲ್ಲು ಹೇರಿ, ನೀರು ಚಿಮುಕಿಸುತ್ತ ತುದಿಗಳನ್ನು ಮೇಲಕ್ಕೆ ಬಗ್ಗಿಸಿದ್ದಾರೆ. ಆ ಬಾಗಿನಲ್ಲೇ ಕೈಚಳಕ ಗೊತ್ತಾಗುವುದು. ಬಿದಿರಿನ ಗಣ್ಣು ಸರಿಯಾಗಿ ಬಾಗಿನ ಮೇಲೆ ಬಂದರೆ ಅಲ್ಲಿ ಸೀಳು ಬಿರಿಯುತ್ತದೆ. ಇದರಲ್ಲಿ ಸುತ್ತಲೂ ಬೆರಳಾಡಿಸಿದರೆ ಎರಡು ಕಡೆ ಮಾತ್ರ ಗಣ್ಣು ಸಿಕ್ಕಿತು. ಎರಡಕ್ಕೂ ಪಕ್ಕದಲ್ಲಿ ಜೋಡಿ ಸೀಳು ತುರುಕಿದ್ದರು. ಬಾಯಂಚು ಮುಂಗೈ ದಪ್ಪ. ಎದುರುಬದುರು ಹಿಡಿದು ಎತ್ತಿದರೂ ದುಂಡು ಕೆಡಲಿಲ್ಲ, ಕಿರುಗುಟ್ಟಲಿಲ್ಲ.

ಎಡವಟ್ಟು ಆಗಿರುವುದು ಹೊದಿಕೆಯಲ್ಲಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ದೊಮಿಂಗೊ ಪಾಯೆಸ್ ಇಲ್ಲಿ ಕಂಡದ್ದು ಚರ್ಮ ಹೊದಿಸಿದ, 15–20 ಜನ ಹಿಡಿಸುವ ಬುಟ್ಟಿದೋಣಿಗಳನ್ನು. ಈಗ ಚರ್ಮದ ಜಾಗಕ್ಕೆ ಗೊಬ್ಬರದ ಚೀಲ, ಅದರ ಮೇಲೆ ಡಾಂಬರು. ಚೀಲದ ಪ್ಲಾಸ್ಟಿಕ್ಕು 160 ಡಿಗ್ರಿ ಸುಮಾರಿಗೆ ಕರಗುತ್ತದೆ. ಹೊಗೆಯಾಡುವ ಡಾಂಬರನ್ನು ಅವಸರಕ್ಕೆ ಸುರಿದರೆ ಚೀಲ ಸುರುಟಿ ತೂತು ಬೀಳುತ್ತದೆ, ಹೊರಗಿನಿಂದ ನೋಡಿದರೆ ಕಪ್ಪಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಹಾಗೇ ಆಗಿದೆ. ಒಂದೇ ದಪ್ಪ ಲೇಪ ಬೇರೆ. ಕೋಲಿಗೆ ಬಟ್ಟೆ ಸುತ್ತಿ ತೆಳ್ಳಗೆ ಒಮ್ಮೆ ಬಳಿದು, ಅದು ಗಟ್ಟಿಯಾದ ಮೇಲೆ ಇನ್ನೊಮ್ಮೆ ಬಳಿಯಬೇಕಿತ್ತು. ಚೀಲಗಳ ಜೋಡಣೆ ತಳದ ನಡುವೆ ಬಂದಿರುವುದೂ ತಪ್ಪು. ಬಂಡೆಗೆ ಮೊದಲು ಉಜ್ಜುವುದು ಅದೇ ಜಾಗ.

ಕೊಳ್ಳುವ ಮುಂಚೆ ಕಡು ಬಿಸಿಲಲ್ಲಿ ಹರಿಗೋಲನ್ನು ಬೋರಲು ಹಾಕಿಸಿ, ಅಂಚೆತ್ತಿ ಒಳಗೆ ತಲೆ ಹಾಕಿ. ಬೆಳಕು ಚುಕ್ಕೆ ಚುಕ್ಕೆಯಾಗಿ ಕಂಡಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಇದರಲ್ಲಿ ಒಂಬತ್ತು ಸಿಕ್ಕವು. ತೇಪೆಗೆ ಅಂಗೈಯಗಲದ ಚೀಲದ ತುಂಡು, ಹೊಗೆಯಾಡದ ಹಾಗೆ, ಬಳಿಯಲು ಬರುವಷ್ಟು ಮಾತ್ರ ಕಾಯಿಸಿದ ಡಾಂಬರು ಸಾಕು.

ನೀರಿನಲ್ಲಿ ಮಾತ್ರ ದೂರುವಂತಿಲ್ಲ. ತಳದ ಹರವು ಸುಮಾರು 3 ಚದರ ಮೀಟರ್, ಅಂದರೆ ಪ್ರತಿ 10 ಸೆಂಟಿಮೀಟರ್ ಮುಳುಗಿಗೆ 300 ಕಿಲೋ ಹೊರುತ್ತದೆ. ಆರು ಜನ ಕೂತರೂ ಗೇಣಿನಾಚೆ ಮುಳುಗುವುದಿಲ್ಲ, ಮೊಣಕಾಲುದ್ದದ ನೀರಲ್ಲೂ ಬಂಡೆ ತಪ್ಪಿಸಿ ಸಾಗುತ್ತದೆ. ಆದರೆ ಆರು ಜನರೂ ಒಂದೇ ಮಗ್ಗುಲಿಗೆ ಫೋಟೊ ತೆಗೆಯಲು ವಾಲಿದರೆ ಈ ಲೆಕ್ಕ ಕೆಲಸಕ್ಕೆ ಬಾರದು. ಹುಟ್ಟು ಹಾಕುವವರು ಮುಂದೆ ಕೂತು ನೀರನ್ನು ತಮ್ಮ ಕಡೆ ಎಳೆದುಕೊಳ್ಳಬೇಕು. ಪಕ್ಕದಿಂದ ಹಾಕಿದರೆ ಗಿರಗಿಟ್ಲೆ. ಹುಟ್ಟಿನ ಬೆಲೆ ಬೇರೆಯೇ ಹಿಡಿಯುತ್ತಾರೆ, ಮೊದಲೇ ಮಾತಾಡಿಕೊಳ್ಳಿ. ಲೈಫ್ ಜಾಕೆಟ್ ನಿಮ್ಮದು. ಮೇಲೆ ತುಂಗಭದ್ರಾ ಡ್ಯಾಮಿನ ಗೇಟು ತೆಗೆದ ದಿನಗಳಲ್ಲಿ ಎಷ್ಟೇ ಗಟ್ಟಿ ಹರಿಗೋಲಾದರೂ ದಡದಲ್ಲೇ ಇರಲಿ.

ಫೈಬರಿನವು ಬಂದಿವೆ. ಡಾಂಬರಿನ ಕಾಟ ಇಲ್ಲ, ನಿಜ. ಕೆರೆಗಾದರೆ ಅದನ್ನೇ ಕೊಳ್ಳಿ. ಹಂಪಿ, ಆನೆಗೊಂದಿಯ ಬಂಡೆಹೊಳೆಯಲ್ಲಿ ಬಿದಿರು ಕಲ್ಲಿಗೆ ತಾಗಿ ಬಳುಕುತ್ತದೆ, ಫೈಬರ್ ಬಿರುಕು ಬಿಡುತ್ತದೆ. ಬಿದಿರಾದರೆ ಒಂದು ಸೀಳು ಮುರಿದರೆ ಅದೊಂದನ್ನೇ ಬದಲಿಸಿದರಾಯಿತು.

ಡಾಂಬರನ್ನು ವರ್ಷಕ್ಕೊಮ್ಮೆ ಬಳಿಯಲೇಬೇಕು, ಮಳೆಗಾಲಕ್ಕೆ ಮುಂಚೆ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಮೆತ್ತಗಾಗಿ ಇಳಿಯುತ್ತದೆ. ತಳ ಕೆಳಗಾಗಿ ಬಂಡೆ ಮೇಲಿಟ್ಟರೆ ಅಂಟಿಕೊಂಡು, ಎತ್ತುವಾಗ ಚೀಲದ ಸಮೇತ ಕಿತ್ತು ಬರುತ್ತದೆ. ಹುಣಸೆಮರದ ನೆರಳಲ್ಲಿ, ಅಂಚಿಗೆ ಮೂರು ಕಲ್ಲು ಕೊಟ್ಟು ಬೋರಲು ಇಡಿ.