ಮಕ್ಕಳ ಡಯಾಬಿಟಿಸ್ ರೀಹ್ಯಾಬ್: ಶುಗರ್ ಗ್ರಾಫ್ ನೋಡಿ ಮಾರುಹೋಗಬೇಡಿ

ಟೈಪ್ 1 ಡಯಾಬಿಟಿಸ್ ಇರುವ ಮಕ್ಕಳನ್ನು ಕೆಲವು ವಾರ ಒಳರೋಗಿಯಾಗಿ ಇಟ್ಟುಕೊಂಡು ತರಬೇತಿ ಕೊಡುವ ಕೇಂದ್ರಗಳಲ್ಲಿ ಶುಗರ್ ಹತೋಟಿಗೆ ಬರುವುದು ದೊಡ್ಡ ಸಾಧನೆಯೇನಲ್ಲ. ಊಟ ತೂಕ ಹಾಕಿ, ಹೊತ್ತಿಗೆ ಸರಿಯಾಗಿ ಬರುತ್ತದೆ. ದಿನಾ ಆಟ, ಈಜು. ರಾತ್ರಿ ನರ್ಸ್ ಎಚ್ಚರವಿರುತ್ತಾರೆ. ಅಲ್ಲಿ ಗ್ಲೂಕೋಸ್ ದಿನದ ಶೇ 70ಕ್ಕಿಂತ ಹೆಚ್ಚು ಹೊತ್ತು 70ರಿಂದ 180ರೊಳಗೆ (mg/dL) ಇದ್ದರೆ, ಅರ್ಧ ಶ್ರೇಯಸ್ಸು ಆ ದಿನಚರಿಗೇ ಸಲ್ಲಬೇಕು. ನೋಡಬೇಕಾದ್ದು ಬೇರೆ: ಇನ್ಸುಲಿನ್ ಡೋಸ್ ಲೆಕ್ಕ ಹಾಕುತ್ತಿರುವುದು ಯಾರು, ಸಿಬ್ಬಂದಿಯೋ ಮಗುವೋ?

ಒಳ್ಳೆಯ ಕೇಂದ್ರದಲ್ಲಿ ಮೊದಲ ವಾರವೇ ತಕ್ಕಡಿ ಮಗುವಿನ ಮುಂದಿರುತ್ತದೆ. ಮೊದಲು ಕಣ್ಣಂದಾಜು, ಆಮೇಲೆ ತೂಕ. 100 ಗ್ರಾಂ ಅನ್ನಕ್ಕೆ ಸುಮಾರು 28 ಗ್ರಾಂ ಕಾರ್ಬ್ (ಶುಗರ್ ಏರಿಸುವ ಕಾರ್ಬೋಹೈಡ್ರೇಟ್); ಊಟದ ಡೋಸ್ ಲೆಕ್ಕ ನಿಲ್ಲುವುದು ಇದರ ಮೇಲೆ. ಅಂದಾಜು 10 ಗ್ರಾಂ ಆಚೀಚೆ ಆದರೂ ನಡೆಯುತ್ತದೆ, 20 ತಪ್ಪಿದರೆ ಊಟದ ನಂತರದ ಶುಗರ್‌ನಲ್ಲಿ ಗೊತ್ತಾಗಿಬಿಡುತ್ತದೆ.

ಇನ್ನೊಂದು ಪರೀಕ್ಷೆ, ದಾಖಲಾದ ದಿನವೇ ನರ್ಸ್ ಚುಚ್ಚುವ ಜಾಗಗಳನ್ನು ಬೆರಳಿನಿಂದ ಒತ್ತಿ ನೋಡುತ್ತಾರಾ ಎಂಬುದು. ಒಂದೇ ಕಡೆ ಚುಚ್ಚಿ ಚುಚ್ಚಿ ಹೊಕ್ಕುಳ ಪಕ್ಕ ರಬ್ಬರಿನಂಥ ಗಂಟು ಬೆಳೆದಿರುತ್ತದೆ. ಅಲ್ಲಿ ನೋವು ಕಡಿಮೆ, ಹಾಗಾಗಿ ಮಕ್ಕಳಿಗೆ ಅದೇ ಇಷ್ಟ. ಇನ್ಸುಲಿನ್ ಮಾತ್ರ ಅಲ್ಲಿಂದ ಒಂದು ದಿನ ಬೇಗ, ಇನ್ನೊಂದು ದಿನ ತಡವಾಗಿ ರಕ್ತಕ್ಕೆ ಸೇರುತ್ತದೆ. ಗಂಟು ಬಿಟ್ಟು ಹೊಸ ಜಾಗದಲ್ಲಿ ಹಳೆಯ ಡೋಸನ್ನೇ ಕೊಟ್ಟರೆ ಲೋ ಶುಗರ್ ಆಗಬಹುದು. ಡಾಕ್ಟರ್ ಡೋಸ್ ಇಳಿಸಿಯೇ ಶುರುಮಾಡಬೇಕು. ಇನ್ಸುಲಿನ್ ಪೆನ್‌ಗೆ 4 ಮಿ.ಮೀ. ಸೂಜಿ, ಚುಚ್ಚುವ ಮೊದಲು 2 ಯೂನಿಟ್ ಹೊರಬಿಟ್ಟು ನೋಡುವುದು, ಒತ್ತಿದ ಮೇಲೆ ಹತ್ತು ಎಣಿಸುವುದು: ಹಳಬರೂ ಇದನ್ನೆಲ್ಲ ಮರೆತಿರುತ್ತಾರೆ.

ನಿಜವಾಗಿ ಬೆಲೆ ಬಾಳುವುದು ಆಟದ ಮೈದಾನದ ಪಾಠ. ಆಡುವಾಗ ಶುಗರ್ ಲೋ ಆದರೆ ತೂಕದ ಕೆ.ಜಿ.ಗೆ 0.3 ಗ್ರಾಂ ಗ್ಲೂಕೋಸ್, ಅಂದರೆ 30 ಕೆ.ಜಿ. ಮಗುವಿಗೆ 9 ಗ್ರಾಂ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ನಿಧಾನಿಸುತ್ತದೆ. 15 ನಿಮಿಷ ಬಿಟ್ಟು ಬೆರಳು ಚುಚ್ಚಿ ನೋಡಬೇಕು. ಮೈಗೆ ಅಂಟಿಸಿದ ಗ್ಲೂಕೋಸ್ ಸೆನ್ಸರ್‌ನ ಅಂಕಿ ರಕ್ತದ ಶುಗರ್‌ಗಿಂತ ಹಿಂದೆ ಬೀಳುವುದರಿಂದ ಅದನ್ನೇ ನಂಬಿದರೆ ಮತ್ತೆ ಮತ್ತೆ ತಿನ್ನಿಸಿ ಶುಗರ್ 250ಕ್ಕೆ ಏರಿಸುತ್ತೀರಿ. ಸಂಜೆ ಆಡಿದ್ದರ ಪರಿಣಾಮ ನಡುರಾತ್ರಿ ಕಾಣಿಸಿಕೊಳ್ಳುವುದನ್ನು ಇಲ್ಲಿ ಸುರಕ್ಷಿತವಾಗಿ ಕಲಿಯಬಹುದು.

ಹದಿಹರೆಯದವರ ವಿಷಯದಲ್ಲಿ ಹಲವು ಕಡೆ ಎಡವುತ್ತಾರೆ. ಎಂಟರ ಮಗುವಿನ ಪಕ್ಕ ಹದಿನೈದರ ಹುಡುಗಿಯನ್ನು ಕೂರಿಸಿ ಬಣ್ಣದ ಚಿತ್ರ ತೋರಿಸಿದರೆ ಅವಳು ಕಿವಿಗೊಡುವುದಿಲ್ಲ. ಆ ವಯಸ್ಸಿನಲ್ಲಿ ಹಾರ್ಮೋನುಗಳಿಂದಾಗಿ ಇನ್ಸುಲಿನ್ ಹೆಚ್ಚು ಬೇಕಾಗುತ್ತದೆ, ಅದಕ್ಕೆ ಬೈಗುಳ ಮದ್ದಲ್ಲ. ತೂಕ ಇಳಿಸಲೆಂದು ಇನ್ಸುಲಿನ್ ತಪ್ಪಿಸುವವರೂ ಇದ್ದಾರೆ. ಮನಶ್ಶಾಸ್ತ್ರಜ್ಞರಿಲ್ಲದ ಕೇಂದ್ರಕ್ಕೆ ಹದಿಹರೆಯದವರನ್ನು ಕಳಿಸಬೇಡಿ.

ಅತ್ಯಂತ ದುರ್ಬಲ ಕೊಂಡಿ ಡಿಸ್ಚಾರ್ಜ್. ದಿನಾ ಓಡಾಡುತ್ತಿದ್ದಾಗ ಹೊಂದಿಸಿದ ಡೋಸ್, ಶಾಲೆಯ ಬೆಂಚಿನ ಮೇಲೆ ಕೂತ ದಿನಕ್ಕೆ ಸಾಲುವುದಿಲ್ಲ. ಮನೆಗೆ ಬಂದ ವಾರದಲ್ಲೇ ಶುಗರ್ ಏರುತ್ತದೆ. ಆಟದ ದಿನಕ್ಕೊಂದು, ಕೂತಿರುವ ದಿನಕ್ಕೊಂದು ಡೋಸ್ ಚೀಟಿ ಬರೆದುಕೊಡಲು ಕೇಳಿ. ಇನ್ಸುಲಿನ್ ಪಂಪ್ ಇದ್ದರೆ ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರುವ ಆಮ್ಲ) ಸೂಚನೆಯೂ ಅದರಲ್ಲಿರಲಿ: ಶುಗರ್ ಏರಿ ರಕ್ತದ ಕೀಟೋನ್ 0.6 (mmol/L) ದಾಟಿದರೆ ಪೆನ್‌ನಿಂದ ಇನ್ಸುಲಿನ್ ಕೊಟ್ಟು ಪಂಪಿನ ನಳಿಕೆಯ ಸೆಟ್ ಬದಲಿಸುವುದು, 1.5 ದಾಟಿದರೆ ತಕ್ಷಣ ವೈದ್ಯರಿಗೆ ಫೋನ್, 3 ದಾಟಿದರೆ ನೇರ ಆಸ್ಪತ್ರೆಗೆ. ಅಪ್ಪ ಅಮ್ಮನಿಗೆ ಕೊನೆಯ ದಿನ ಒಂದು ಗಂಟೆಯ ಪಾಠ ಮಾತ್ರ ಎನ್ನುವ ಕೇಂದ್ರವಾದರೆ, ಚಿಕ್ಕ ಮಕ್ಕಳ ಮಟ್ಟಿಗೆ ಬೇರೆಡೆ ವಿಚಾರಿಸುವುದೇ ಲೇಸು.