ಎಸ್‌ಪಿ ರೋಡಿನ ಕೈ ಮೆಗಾಫೋನ್: ನಾಲ್ಕು ಸ್ಟಾರ್

ನಮ್ಮ ಕಾರ್ಮಿಕ ಸಂಘಟನೆಗೆ ಅಂತ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಚೌಕಾಸಿ ಮಾಡಿ ತಂದದ್ದು. ದನಿ ಗಟ್ಟಿ, ಹೆಗಲಪಟ್ಟಿಯೂ ಗಟ್ಟಿ. ಸೈರನ್ ಬಟನ್ ಮಾತ್ರ ಮಾತಾಡೋ ಬಟನ್ನಿನ ಪಕ್ಕದಲ್ಲೇ ಇದೆ. 'ಕನಿಷ್ಠ ಕೂಲಿ' ಅನ್ನುವಷ್ಟರಲ್ಲಿ ಕುಯ್ಯೋ ಅಂತ ಕಿರುಚಿತು, ಬಂದೋಬಸ್ತಿನ ಪೊಲೀಸರೂ ನಕ್ಕರು. ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ. ನಮ್ಮ ಭಾಷಣಕಾರರಿಗೆ ಅಷ್ಟೇ ಸಾಕು ಬಿಡಿ.

ನನ್ನ ಬೇಜಾರು ಬೇರೆ. 2021ರ ಪೊಲೀಸ್ ಆದೇಶ ಬಂದಮೇಲೆ ಊರಲ್ಲಿ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕ್ ಒಂದೇ, ಅದೇ ಹಳೇ ಜೈಲಿನ ಜಾಗ. ಕೂಗೋರೂ ನಾವೇ, ಕೇಳೋರೂ ನಾವೇ. 2016ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಹೆಣ್ಮಕ್ಕಳು ಯಾವ ಲೀಡರನ್ನೂ ಕಾಯದೆ ಹೊಸೂರು ರಸ್ತೆಗಿಳಿದರು. ಕೇಂದ್ರ ಸರ್ಕಾರ ಪಿಎಫ್ ದುಡ್ಡು ತೆಗೆಯೋಕೆ ಅಡ್ಡಿ ಹಾಕಿದ್ದ ಹೊಸ ನಿಯಮವನ್ನೇ ವಾಪಸ್ ತಗೊಂಡಿತು, ನೆನಪಿದೆ ಅಲ್ವಾ? ಅಂಥ ದಿನಕ್ಕೆ ಅಂತಲೇ ಜಾಸ್ತಿ ಸೆಲ್ ತೆಗೆದಿಟ್ಟಿದ್ದೇನೆ. ಸೈರನ್‌ಗೆ ಒಂದು ಸ್ಟಾರ್ ಕಟ್.